ಜೀಪಿನ ಮೂತಿಗೆ ಮನೆಯಲ್ಲೇ ಬೆಸೆದ ಕಬ್ಬಿಣ

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಇಟಲಿ, ಫ್ರಾನ್ಸುಗಳ ಹಳ್ಳಿಗಾಡಿನಲ್ಲಿ ಓಡಾಡಿದ ಅಮೆರಿಕನ್ ಜೀಪುಗಳ ಛಾಯಾಚಿತ್ರಗಳನ್ನು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಮುಂದಿನ ಬಂಪರಿನ ನಡುವೆ ಕೋನಕಬ್ಬಿಣದ ಪಟ್ಟಿಯೊಂದು ಧ್ವಜಸ್ತಂಭದಂತೆ ನೆಟ್ಟಗೆ ನಿಂತಿರುತ್ತದೆ. ಅದರ ತುದಿಯಲ್ಲಿ ಮುಂದಕ್ಕೆ ಚಾಚಿದ ಒಂದು ಕೊಕ್ಕೆ. ಬಾವುಟ ಕಟ್ಟಲು ಮಾಡಿದ್ದೆಂದು ತಿಳಿದುಕೊಂಡವರೂ ಉಂಟು. ನಿಜ ಸಂಗತಿ ಅಷ್ಟು ಹಿತವಾದುದಲ್ಲ. ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರು ರಸ್ತೆಗೆ ಅಡ್ಡಲಾಗಿ, ಜೀಪಿನಲ್ಲಿ ಕುಳಿತವನ ಕತ್ತಿನ ಮಟ್ಟಕ್ಕೆ ಸರಿಯಾಗಿ, ಉಕ್ಕಿನ ತಂತಿ ಬಿಗಿದು ಹೋಗುತ್ತಿದ್ದರು. ಬಿಸಿಲಿಗೆ ಗಾಜು ಹೊಳೆದು ಶತ್ರುವಿಗೆ ಸುಳಿವು ಕೊಡುತ್ತದೆಂದು ಮುಂಗಾಜನ್ನು ಬಾನೆಟ್ಟಿನ ಮೇಲೆ ಮಡಚಿಕೊಂಡು ಓಡಿಸುವುದು ಅಂದಿನ ರೂಢಿ. ಹಾಗೆ ಓಡಿಸುವವನಿಗೂ ತಂತಿಗೂ ನಡುವೆ ಏನೂ ಇರುತ್ತಿರಲಿಲ್ಲ.

ಈ ತಂತಿಕತ್ತರಿ ಮೊದಲು ಹುಟ್ಟಿದ್ದು ಕಾರ್ಖಾನೆಯ ನಕ್ಷೆಯಲ್ಲಲ್ಲ. ರಣರಂಗದ ಹಿಂದಿನ ದುರಸ್ತಿ ಶೆಡ್ಡುಗಳಲ್ಲಿ. ಕೈಗೆ ಸಿಕ್ಕಿದ ಕಬ್ಬಿಣವನ್ನು ಕೈಗೆ ಸಿಕ್ಕಿದ ಅಳತೆಗೆ ಕತ್ತರಿಸಿ ಬಂಪರಿಗೆ ಬೆಸೆದರು. ಒಂದು ತುಕಡಿಯ ಪಟ್ಟಿ ಇನ್ನೊಂದರಂತಿಲ್ಲ. ವಾಹನ ತಯಾರಿಸಿದವರು ಊಹಿಸದಿದ್ದ ಅಪಾಯಕ್ಕೆ ವಾಹನ ಓಡಿಸುವವರು ತಾವೇ ಕಂಡುಕೊಂಡ ಉತ್ತರ ಅದು. ಗಾಡಿಯ ಮೂತಿಗೆ ಮನೆಯಲ್ಲೇ ಕಬ್ಬಿಣ ಕಟ್ಟಿಕೊಳ್ಳುವ ಹವ್ಯಾಸ ಇಂದು ಜಗತ್ತಿನಾದ್ಯಂತ ಹಬ್ಬಿದೆ. ಅದರ ವಂಶಾವಳಿಯಲ್ಲಿ ಈ ಕೋನಕಬ್ಬಿಣಕ್ಕೆ ಹಿರಿಯ ಸ್ಥಾನವುಂಟು.

ಕಾರ್ಖಾನೆಯೇ ಗಟ್ಟಿ ಬಂಪರು ಕೊಡಲಿಲ್ಲವೇಕೆ? 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ ನೂರಕ್ಕೂ ಹೆಚ್ಚು ಕಂಪೆನಿಗಳಿಗೆ ಕರೆಯೋಲೆ ಕಳಿಸಿ, ಮಾದರಿ ವಾಹನ ತಯಾರಿಸಲು ಕೇವಲ 49 ದಿನಗಳ ಗಡುವು ಕೊಟ್ಟಿತು. ತೂಕ ಸುಮಾರು 590 ಕಿಲೋ ಮೀರಬಾರದೆಂಬುದು ಅದರ ಷರತ್ತು. ಪೆನ್ಸಿಲ್ವೇನಿಯದ ಪುಟ್ಟ ಬ್ಯಾಂಟಮ್ ಕಂಪೆನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರು ನಕ್ಷೆ ಬರೆದ; ಸೆಪ್ಟೆಂಬರ್ 23ರಂದು ಗಾಡಿ ಸೈನ್ಯದ ಕೈಸೇರಿತು. ಆ ತೂಕಕ್ಕೆ ಇಂಥ ವಾಹನ ಅಸಾಧ್ಯವೆಂದು ಸೈನ್ಯಕ್ಕೂ ಬೇಗನೆ ಮನವರಿಕೆಯಾಯಿತು. ಕೊನೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಲಕ್ಷಗಟ್ಟಲೆ ತಯಾರಿಸಿದ ಜೀಪು 1,100 ಕಿಲೋ ತೂಗುತ್ತಿತ್ತು. ಆದರೂ ಪ್ರತಿಯೊಂದು ಕಿಲೋವನ್ನೂ ಲೆಕ್ಕ ಹಾಕಿ ಕಟ್ಟಿದ ಗಾಡಿಯದು. ಮುಂದೆ ಒಂದು ಸರಳ ಉಕ್ಕಿನ ಪಟ್ಟಿ, ಹಿಂದೆ ಎಳೆಯುವ ಕೊಕ್ಕೆಯ ಎಡಬಲಕ್ಕೆ ಎರಡು ತುಂಡು ಬಂಪರು, ಅಷ್ಟೆ. ಆದರೆ ಮುಂದಿನ ಪಟ್ಟಿಯಲ್ಲಿ ಒಂದು ಗುಣವಿತ್ತು. ಅದು ತಗಡಿನ ಮೈಗೆ ಅಂಟಿಕೊಂಡಿರದೆ, ಚಾಸಿಯ ಎರಡು ಉದ್ದ ದೂಲಗಳ ತುದಿಗೆ ನೇರವಾಗಿ ಬೋಲ್ಟಾಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಆ ಬೋಲ್ಟುಗಳದ್ದೇ.

ಟ್ಯಾಂಕುಗಳಿಗೂ ಇದೇ ಬಗೆಯ ಮೂತಿ ಬಂದದ್ದು ಆ ಕಾಲದಲ್ಲೇ. 1944ರ ಜುಲೈನಲ್ಲಿ ನಾರ್ಮಂಡಿಯ ಹೊಲಗಳ ಸುತ್ತ ಶತಮಾನಗಳಿಂದ ಬೆಳೆದ ಮಣ್ಣಿನ ಏರಿ ಮತ್ತು ಬೇಲಿಗಳ ಎದುರು ಅಮೆರಿಕನ್ ಟ್ಯಾಂಕುಗಳು ಸೋತು ನಿಂತಿದ್ದವು. ಏರಿಯನ್ನು ಹತ್ತಹೋದರೆ ತೆಳುವಾದ ಹೊಟ್ಟೆ ಶತ್ರುವಿನ ತೋಪಿಗೆ ಕಾಣುತ್ತಿತ್ತು. ಕರ್ಟಿಸ್ ಕ್ಯೂಲಿನ್ ಎಂಬ ಸಾರ್ಜೆಂಟ್ ಟ್ಯಾಂಕಿನ ಮುಂದೆ ಉಕ್ಕಿನ ದಂತಗಳನ್ನು ಬೆಸೆದು, ಏರಿಯನ್ನು ಹತ್ತದೆ ಸೀಳಿಕೊಂಡು ಹೋಗುವ ಉಪಾಯ ಮಾಡಿದ. ಉಕ್ಕು ಬಂದದ್ದು ಎಲ್ಲಿಂದ ಗೊತ್ತೆ? ಮಿತ್ರಪಡೆಗಳನ್ನು ತಡೆಯಲೆಂದು ಜರ್ಮನರು ಕಡಲತೀರದಲ್ಲಿ ನೆಟ್ಟಿದ್ದ ಅಡ್ಡಗಟ್ಟುಗಳಿಂದ! ಕೆಲವೇ ದಿನಗಳಲ್ಲಿ ನೂರಾರು ಟ್ಯಾಂಕುಗಳಿಗೆ ಆ ದಂತಗಳು ಮೂಡಿದವು.

ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪುಗಳು ರೈತರ, ಬೇಟೆಗಾರರ, ಗಣಿಗಾರರ ಪಾಲಾದವು. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಸಬಲ್ಲ ಗಾಡಿಯೆಂದ ಮೇಲೆ ಎಲ್ಲಿಗಾದರೂ ಹೋಗಬಹುದೆಂಬ ಧೈರ್ಯ ಬಂತು. ಎಲ್ಲಿಗಾದರೂ ಹೋದವರು ಅಲ್ಲೇ ಹೂತುಕೊಂಡದ್ದೂ ಸಹಜ. 1948ರಲ್ಲಿ ಅಮೆರಿಕದ ಆರ್ಥರ್ ವಾರ್ನ್ ಇಂಥ ಹಳೆಯ ಜೀಪುಗಳಿಗೆ ಬೇಕಾದ ಬಿಡಿಭಾಗ ತಯಾರಿಸಲು ತೊಡಗಿದ. 1950ರ ದಶಕ ಮುಗಿಯುವ ಹೊತ್ತಿಗೆ ಅವನ ಕಂಪೆನಿ ವಿದ್ಯುತ್ತಿನಿಂದ ತಿರುಗುವ ವಿಂಚ್ ಎಂಬ ಎಳೆಯುವ ರಾಟೆಯನ್ನು ಮಾರುಕಟ್ಟೆಗೆ ತಂದಿತು. ವಿಂಚಿನ ಹಗ್ಗವನ್ನು ಮರಕ್ಕೆ ಕಟ್ಟಿ ಗುಂಡಿ ಒತ್ತಿದರೆ ಗಾಡಿ ತನ್ನನ್ನು ತಾನೇ ಕೆಸರಿನಿಂದ ಎಳೆದುಕೊಳ್ಳುತ್ತದೆ. ಆದರೆ ವಿಂಚನ್ನು ಕೂರಿಸಲು ಪೀಠ ಬೇಕಲ್ಲ? ಬಂಪರಿನ ಅರ್ಥ ಬದಲಾದದ್ದು ಇಲ್ಲಿ. ಪೆಟ್ಟು ತಿನ್ನಲು ಇದ್ದ ಪಟ್ಟಿ ಈಗ ಗಾಡಿಯನ್ನು ಎತ್ತುವ, ಎಳೆಯುವ ಹಿಡಿಕೆಯಾಯಿತು. ಅದೇ ಕಾಲದಲ್ಲಿ ನಗರದ ಕಾರುಗಳ ಬಂಪರು ಕ್ರೋಮಿಯಂ ಲೇಪ ಬಳಿದುಕೊಂಡು ಒಡವೆಯಾಗುತ್ತಿದ್ದುದು ತಮಾಷೆಯ ಸಂಗತಿ.

ಆಸ್ಟ್ರೇಲಿಯದಲ್ಲಿ ಇನ್ನೊಂದು ಕಾರಣ ಸೇರಿಕೊಂಡಿತು. ಅಲ್ಲಿನ ಒಳನಾಡಿನಲ್ಲಿ ಮುಸ್ಸಂಜೆಯ ಹೊತ್ತು ಕಾಂಗರೂ ರಸ್ತೆಗೆ ನೆಗೆಯುತ್ತದೆ. ರೇಡಿಯೇಟರು ಒಡೆದರೆ ಮುಂದಿನ ಊರು ನೂರಾರು ಕಿಲೋಮೀಟರು ದೂರ. ನೀರಿಲ್ಲದ ಕಡೆ ಗಾಡಿ ನಿಂತರೆ ಅದು ಪ್ರಾಣದ ಪ್ರಶ್ನೆ. ಹೀಗಾಗಿ ಕೊಳವೆಗಳನ್ನು ಬೆಸೆದು ಮೂತಿಗೆ ಪಂಜರ ಕಟ್ಟುವುದು ಅಲ್ಲಿಯ ಹಳ್ಳಿಯ ಕಮ್ಮಾರರ ನಿತ್ಯದ ಕಸುಬಾಯಿತು. ಮೆಲ್ಬರ್ನಿನ ಆಂಟನಿ ರೊನಾಲ್ಡ್ ಬ್ರೌನ್ ದೇಶದ ಉತ್ತರದ ದುರ್ಗಮ ಪ್ರದೇಶದಲ್ಲಿ ಸುತ್ತಾಡುವಾಗ, ಅಂಗಡಿಯಲ್ಲಿ ಕೊಂಡ ಪಂಜರಗಳು ಮುರಿದು ಬಿದ್ದಿದ್ದನ್ನು ಕಂಡ. ಮರಳಿ ಬಂದು, 1975ರಲ್ಲಿ, ತಂದೆತಾಯಿಯ ಮನೆಯ ಗ್ಯಾರೇಜಿನಲ್ಲಿ ತನಗೆ ಬೇಕಾದ್ದನ್ನು ತಾನೇ ಬೆಸೆಯತೊಡಗಿದ. ಅವನ ಹೆಸರಿನ ಮೂರು ಅಕ್ಷರಗಳನ್ನು ಹೊತ್ತ ಎ.ಆರ್.ಬಿ. ಕಂಪೆನಿ ಇಂದು ಹಲವು ದೇಶಗಳಿಗೆ ಬಂಪರು ಕಳಿಸುತ್ತದೆ.

ಮನೆಯಲ್ಲಿ ಬಂಪರು ಕಟ್ಟುವವನ ಕೆಲಸ ಶುರುವಾಗುವುದು ಉಕ್ಕಿನಿಂದಲ್ಲ, ರಟ್ಟಿನಿಂದ. ಹಳೆಯ ಡಬ್ಬದ ರಟ್ಟನ್ನು ಕತ್ತರಿಸಿ ಗಾಡಿಯ ಮೂತಿಗೆ ಹಿಡಿದು, ಚಕ್ರ ಪೂರ್ತಿ ತಿರುಗಿದಾಗ ತಾಗುವುದೇ, ರೇಡಿಯೇಟರಿಗೆ ಗಾಳಿ ಬರುವುದೇ, ದೀಪ ಮರೆಯಾಗುವುದೇ ಎಂದು ನೋಡಬೇಕು. ಇನ್ನೊಂದು ಲೆಕ್ಕ ಇಳಿಜಾರಿನದು. ಯುದ್ಧಕಾಲದ ಜೀಪು 45 ಡಿಗ್ರಿಯ ಏರಿಗೆ ಮೂತಿ ತಾಗಿಸದೆ ಚಕ್ರವೂರಬಲ್ಲದಾಗಿತ್ತು. ದಡ್ಡತನದಿಂದ ತೀರ ಕೆಳಗೆ ಚಾಚಿದ ಬಂಪರು ಈ ಗುಣವನ್ನೇ ಕೊಂದುಹಾಕುತ್ತದೆ. ಆದುದರಿಂದ ಬಲ್ಲವರು ಎರಡೂ ತುದಿಗಳನ್ನು ಮೇಲಕ್ಕೆ ಓರೆಯಾಗಿ ಕತ್ತರಿಸುತ್ತಾರೆ. ಆಮೇಲೆ ಐದಾರು ಮಿಲಿಮೀಟರು ದಪ್ಪದ ತಗಡು ಅಥವಾ ಮನೆ ಕಟ್ಟುವವರು ಬಳಸುವ ಸಿ ಆಕಾರದ ಚಾನೆಲ್ಲು.

ನೋಡುವವರ ಕಣ್ಣು ಹೋಗುವುದು ಈ ದಪ್ಪಕ್ಕೆ. ಆದರೆ ಪರೀಕ್ಷೆ ನಡೆಯುವುದು ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ. ಹೂತ ಗಾಡಿಯನ್ನು ಎಳೆಯುವಾಗ ಗಾಡಿಯ ತೂಕವಷ್ಟೇ ಎದುರಾಗುವುದಿಲ್ಲ. ಕೆಸರಿನ ಹೀರುಹಿಡಿತವೂ ಏರಿನ ಜಗ್ಗುವಿಕೆಯೂ ಸೇರಿಕೊಳ್ಳುತ್ತವೆ. ಅದಕ್ಕೆಂದೇ ವಿಂಚಿನ ಶಕ್ತಿ ಗಾಡಿಯ ಪೂರ್ಣ ತೂಕದ ಒಂದೂವರೆ ಪಟ್ಟಾದರೂ ಇರಬೇಕೆಂಬ ನಿಯಮ ಬಳಕೆಯಲ್ಲಿದೆ. ಎರಡು ಟನ್ನಿನ ಗಾಡಿಗೆ ಮೂರು ಟನ್ನಿನ ಎಳೆತ. ಬಂಪರಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಚಾಸಿಗೆ ಆ ಮೂರು ಟನ್ನು ಹರಿಯಬೇಕು. ನಡುವೆ ಒಂದೇ ಒಂದು ಕಳಪೆ ಬೋಲ್ಟಿದ್ದರೂ ಉಳಿದ ಉಕ್ಕೆಲ್ಲ ಅಲಂಕಾರ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿ ಇದ್ದರೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 80 ಕಿಲೋ ಭಾರ ತಾಳಬಲ್ಲ ಉಕ್ಕೆಂದು ಅರ್ಥ. ಸಂತೆಯಲ್ಲಿ ತೂಕಕ್ಕೆ ಸಿಗುವ ಅಂಕಿಯಿಲ್ಲದ ಬೋಲ್ಟಿಗೆ ಅಂಥ ಭರವಸೆ ಯಾವುದೂ ಇಲ್ಲ. ಹಾಗೆಯೇ ಸರಪಳಿ ಸಿಕ್ಕಿಸುವ ಬಳೆಯ ಕಿವಿಯನ್ನು ತಗಡಿನ ಮೇಲ್ಮೈಗೆ ಸುಮ್ಮನೆ ಅಂಟಿಸಬಾರದು. ತಗಡನ್ನು ಸೀಳಿ ಕಿವಿಯನ್ನು ಒಳತೂರಿಸಿ ಎರಡೂ ಬದಿಗೆ ಬೆಸೆಯಬೇಕು.

ಇದು ಬರೀ ಅಚ್ಚುಕಟ್ಟುತನದ ಮಾತಲ್ಲ. ಬಿಗಿದ ಹಗ್ಗದ ತುದಿಯಿಂದ ಕಿತ್ತುಬಂದ ಕಬ್ಬಿಣ ಕವಣೆಯ ಕಲ್ಲಿನಂತೆ ಹಾರುತ್ತದೆ. ಟ್ರೇಲರ್ ಎಳೆಯಲೆಂದು ಇರುವ ಗುಂಡಿನಾಕಾರದ ಕೊಂಡಿಗೆ ಹಗ್ಗ ಕಟ್ಟಿ ಜಗ್ಗಿ, ಅದು ಮುರಿದು ಗಾಜು ತೂರಿಕೊಂಡು ಬಂದು ಜನ ಸತ್ತ ಪ್ರಕರಣಗಳು ಆಸ್ಟ್ರೇಲಿಯದಲ್ಲಿ ನಡೆದಿವೆ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಯನ್ನೋ ಭಾರವಾದ ಜಮಖಾನವನ್ನೋ ಹೊದಿಸಿ, ನೋಡಲು ನಿಂತವರನ್ನು ದೂರ ಕಳಿಸುವ ಪದ್ಧತಿ ಬಂದದ್ದು ಇಂಥ ಅನುಭವದಿಂದ.

ಭಾರತಕ್ಕೆ ಜೀಪು ಬಂದದ್ದು ಸೈನ್ಯದ ಜೊತೆಗೆ. ಉಕ್ಕಿನ ವ್ಯಾಪಾರಕ್ಕೆಂದು 1945ರಲ್ಲಿ ಆರಂಭವಾದ ಮುಂಬಯಿಯ ಕಂಪೆನಿಯೊಂದು ಮಹೀಂದ್ರ ಎಂಬ ಹೆಸರಿನಲ್ಲಿ ಆ ದಶಕದ ಕೊನೆಗೆ ವಿಲ್ಲೀಸ್ ಜೀಪುಗಳನ್ನು ಇಲ್ಲೇ ಜೋಡಿಸತೊಡಗಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಮಳೆಗಾಲದ ಜಿಗುಟು ಮಣ್ಣಿನ ದಾರಿಗೆ ಅದಕ್ಕಿಂತ ನಂಬಿಗಸ್ತ ಬಂಟ ಇರಲಿಲ್ಲ. ಟೈರಿಗೆ ಸರಪಳಿ ಸುತ್ತಿ ಏರು ಹತ್ತುವ ಜೀಪು ಮಲೆನಾಡಿಗರಿಗೆ ಹೊಸ ನೋಟವಲ್ಲ. ಚಾಸಿಗೆ ಬೋಲ್ಟಾದ ಬಂಪರನ್ನು ಬಿಚ್ಚಿ ಪಟ್ಟಣದ ವೆಲ್ಡಿಂಗ್ ಶೆಡ್ಡಿನಲ್ಲಿ ಗಟ್ಟಿಯಾದುದನ್ನು ಮಾಡಿಸಿಕೊಳ್ಳುವುದೂ ಅಷ್ಟೇ ಸಲೀಸು.

ತೊಡಕು ಶುರುವಾದದ್ದು ಈ ಮೂತಿ ಕಾಡಿನಿಂದ ಪೇಟೆಗೆ ಬಂದಾಗ. ಡೈಮ್ಲರ್ ಬೆಂಜ್ ಕಂಪೆನಿಯ ಬೇಲಾ ಬರೇನಿ ಎಂಬ ಎಂಜಿನಿಯರು 1950ರ ದಶಕದ ಆರಂಭದಲ್ಲೇ ಒಂದು ತಲೆಕೆಳಗಾದ ವಿಚಾರ ಮಂಡಿಸಿ ಪೇಟೆಂಟು ಪಡೆದಿದ್ದ. ಅಪಘಾತದಲ್ಲಿ ಗಾಡಿಯ ಮೂತಿ ಗಟ್ಟಿಯಾಗಿರಬಾರದು, ಮೆದುವಾಗಿ ಮಡಚಿಕೊಳ್ಳಬೇಕು. ಡಿಕ್ಕಿಯ ಶಕ್ತಿಯನ್ನು ತಗಡು ತಿಂದುಹಾಕಿದರೆ ಒಳಗಿನ ಮನುಷ್ಯ ಉಳಿಯುತ್ತಾನೆ. 1959ರಲ್ಲಿ ಆ ತತ್ತ್ವದ ಮರ್ಸಿಡಿಸ್ ಕಾರು ರಸ್ತೆಗಿಳಿಯಿತು. ಇಂದಿನ ಕಾರುಗಳೆಲ್ಲ ಅದರ ಸಂತತಿ. ಅಂಥ ಕಾರಿನ ಮುಂದೆ ಗಟ್ಟಿ ಕೊಳವೆಯ ಪಂಜರ ಕಟ್ಟಿದರೆ ಮಡಚಬೇಕಾದ್ದು ಮಡಚುವುದಿಲ್ಲ. ಗಾಳಿಚೀಲಕ್ಕೆ ಸುದ್ದಿ ಮುಟ್ಟಿಸುವ ಸಂವೇದಕದ ಲೆಕ್ಕವೂ ತಪ್ಪಬಹುದು. ಇನ್ನು ರಸ್ತೆ ದಾಟುವವನ ಗತಿ? ಪ್ಲಾಸ್ಟಿಕ್ಕಿನ ಬಂಪರು ಅವನ ಕಾಲನ್ನು ಮುರಿದೀತು. ಸೊಂಟದೆತ್ತರದ ಉಕ್ಕಿನ ಕೊಳವೆ ಮಗುವಿನ ತಲೆಯ ಮಟ್ಟಕ್ಕಿರುತ್ತದೆ.

ಐರೋಪ್ಯ ಒಕ್ಕೂಟ 2005ರ ನಿರ್ದೇಶನದ ಮೂಲಕ ಇಂಥ ಪಂಜರಗಳಿಗೆ ಪಾದಚಾರಿ ಸುರಕ್ಷತೆಯ ಪರೀಕ್ಷೆಗಳನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ವಾಹನದ ಮೂಲ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯಿದೆಯ 52ನೇ ವಿಧಿಯನ್ನು ಉಲ್ಲೇಖಿಸಿ, ಬುಲ್ ಬಾರುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಸೂಚಿಸಿತು. ಶೋಕಿಗಾಗಿ ಕಟ್ಟಿದ ಹೊಳೆಯುವ ಕೊಳವೆಯನ್ನೂ ಕೆಸರಿನಲ್ಲಿ ದುಡಿಯುವ ಉಕ್ಕಿನ ಬಂಪರನ್ನೂ ಆ ವಿಧಿ ಬೇರೆ ಮಾಡಿ ನೋಡುವುದಿಲ್ಲ. ಮಣ್ಣಿನ ದಾರಿಯ ಹವ್ಯಾಸಿಗಳಿಗೆ ಇದು ಅನ್ಯಾಯವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಭಾನುವಾರ ಹಳ್ಳಕ್ಕಿಳಿಯುವ ಜೀಪು ಸೋಮವಾರ ಶಾಲೆಯ ಮುಂದೆಯೂ ಹಾಯುತ್ತದೆಯಲ್ಲ.

ಬಹಳ ಮಂದಿಗೆ ಗೊತ್ತಿರದ ಸಂಗತಿಯೊಂದಿದೆ. ಇಂದಿನ ಹೆಚ್ಚಿನ ಕಾರುಗಳ ಪ್ಲಾಸ್ಟಿಕ್ ಬಂಪರಿನ ಒಂದು ಮೂಲೆಯಲ್ಲಿ ಬೆರಳಗಲದ ಪುಟ್ಟ ಮುಚ್ಚಳವಿರುತ್ತದೆ. ಅದನ್ನು ಉಗುರಿನಿಂದ ಎಬ್ಬಿಸಿದರೆ ಒಳಗೆ ಮರೆ ಕೊರೆದ ರಂಧ್ರ. ಡಿಕ್ಕಿಯಲ್ಲಿ ಜಾಕಿನ ಪಕ್ಕ ಮಲಗಿರುವ ಉಕ್ಕಿನ ಬಳೆಯನ್ನು ಅದಕ್ಕೆ ತಿರುಗಿಸಿ ಕೂರಿಸಬಹುದು. ಕೆಟ್ಟು ನಿಂತ ಗಾಡಿಯನ್ನು ನೇರವಾಗಿ, ನಿಧಾನವಾಗಿ ಎಳೆದೊಯ್ಯುವುದಕ್ಕಷ್ಟೇ ಅದು; ಹಳ್ಳದಿಂದ ಜಗ್ಗಿ ಕೀಳುವುದಕ್ಕಲ್ಲ. ಬಂಪರಿನ ಮೇಲೆ ಪಂಜರ ಬಿಗಿಸಿಕೊಂಡವರಲ್ಲಿ ಎಷ್ಟೋ ಜನ ಈ ಮುಚ್ಚಳವನ್ನು ಅದರ ಹಿಂದೆ ಮುಚ್ಚಿಹಾಕಿರುತ್ತಾರೆ.