ಆಟೊಮನ್ ಸಾಮ್ರಾಜ್ಯದಲ್ಲಿ ಕುರಿಗಳ ತೆರಿಗೆ

ನೆಲವು ಸ್ಥಾವರ ಸ್ವತ್ತು. ಕುರಿಯ ಮಂದೆಯು ಜಂಗಮ ಸ್ವತ್ತು. ಒಕ್ಕಲಿಗನ ಹೊಲವನ್ನು ಅಳೆದು ಕಂದಾಯವನ್ನು ಗೊತ್ತುಮಾಡುವುದು ಅರಸರಿಗೆ ಸುಲಭ. ಕುರಿಗಾರನ ಐಶ್ವರ್ಯವಾದರೋ ಇಂದು ಬೆಟ್ಟದ ಮೇಲೆ, ನಾಳೆ ಬಯಲಿನಲ್ಲಿ. ರೋಗವೊಂದು ಬಂದರೆ ಹಟ್ಟಿಯೇ ಬರಿದಾಗುವುದು. ಇಂತಹ ಚಲಿಸುವ ಸ್ವತ್ತಿನ ಮೇಲೆ ನ್ಯಾಯವಾದ ತೆರಿಗೆಯನ್ನು ಹಾಕುವುದೆಂತು? ಬಾಲ್ಕನ್ ಪರ್ವತಗಳಿಂದ ಅನಟೋಲಿಯದ ಪ್ರಸ್ಥಭೂಮಿಯವರೆಗೆ ಆಳಿದ ಆಟೊಮನ್ ತುರ್ಕರು ಈ ಪ್ರಶ್ನೆಗೆ ಕೊಟ್ಟ ಉತ್ತರವು ವಾಚಕರು ತಿಳಿಯತಕ್ಕುದಾಗಿದೆ.

ಆ ರಾಜ್ಯದಲ್ಲಿ ಕುರಿಯ ತೆರಿಗೆಗೆ ‘ಅಗ್ನಾಮ್’ ಎಂದು ಹೆಸರು. ಸುಲ್ತಾನ ಸುಲೈಮಾನನು (1520–1566) ಆಳಿದ ಕಾಲದ ಕಾನೂನುಗಳಂತೆ ಸಾಮಾನ್ಯವಾಗಿ 2 ಕುರಿಗಳಿಗೆ 1 ಅಕ್ಚೆ. ಅಕ್ಚೆಯೆಂಬುದು ಚಿಕ್ಕ ಬೆಳ್ಳಿಯ ನಾಣ್ಯ. ಎಣಿಕೆಯು ವಸಂತದಲ್ಲಿ, ಕುರಿಗಳು ಮರಿ ಹಾಕಿದ ತರುವಾಯ ನಡೆಯುತ್ತಿದ್ದಿತು. ಚಳಿಗಾಲದ ನಷ್ಟವು ಕಳೆದುಹೋಗಿರುತ್ತಿದ್ದುದರಿಂದ ಸತ್ತ ಕುರಿಗೆ ತೆರಿಗೆ ತೆರುವ ಭಯ ಪ್ರಜೆಗೆ ಕಡಿಮೆಯಾಗಿದ್ದಿತು. ಮಂದೆಯು ತುಂಬಿರುವ ಕಾಲವಾದುದರಿಂದ ಭಂಡಾರಕ್ಕೂ ಲಾಭವಿದ್ದಿತು. ಇದಲ್ಲದೆ ಬೇಸಗೆಯ ಮತ್ತು ಚಳಿಗಾಲದ ಹುಲ್ಲುಗಾವಲುಗಳಿಗೆ ಬೇರೆ ಸುಂಕಗಳಿದ್ದುವು. ಅವು ನಮ್ಮ ನಾಡಿನ ಹುಲ್ಲುಬನ್ನಿಯಂತಹವು. ಅಲ್ಲಿ 300 ಕುರಿಗಳನ್ನು ಒಂದು ಮಂದೆಯೆಂದು ಎಣಿಸುವ ವಾಡಿಕೆಯಿದ್ದಿತು.

ಈ ಕ್ರಮವು ಸಮವಾದುದೆಂದು ಮೇಲುನೋಟಕ್ಕೆ ತೋರುವುದು. ಆದರೆ ಯೂರುಕ್ ಎಂಬ ಅಲೆಮಾರಿ ಕುರಿಗಾರರಿಗೆ ವಿಧಿಸಿದ ನಿಯಮವನ್ನು ವಿಚಾರಿಸಿರಿ. 24ಕ್ಕಿಂತ ಕಡಿಮೆ ಕುರಿಗಳುಳ್ಳ ಮನೆಯವನನ್ನು ‘ಕರಾ’ ಎಂದು ಬರೆದುಕೊಂಡು, ಅವನಿಂದ ಸುಮಾರು 12 ಅಕ್ಚೆಗಳನ್ನು ಕೊಳ್ಳುತ್ತಿದ್ದರು. 24 ಕುರಿಗಳ ತೆರಿಗೆಯೂ 12 ಅಕ್ಚೆಯೇ ಅಲ್ಲವೆ? ಹತ್ತೇ ಕುರಿಯುಳ್ಳವನು ಇಲ್ಲದ ಹದಿನಾಲ್ಕು ಕುರಿಗಳಿಗೂ ತೆತ್ತಂತಾಯಿತು. ಬಡತನವು ಕರಭಾರವನ್ನು ಇಳಿಸಲಿಲ್ಲ.

ರಾಜಧಾನಿಯ ಹಸಿವು ಎರಡನೆಯ ಭಾರವಾಯಿತು. ಇಸ್ತಾಂಬುಲ್ ನಗರಕ್ಕೂ ಅಲ್ಲಿಯ ಸೈನ್ಯಕ್ಕೂ ಮಾಂಸವನ್ನು ಒದಗಿಸುವ ಸಲುವಾಗಿ ಬಾಲ್ಕನ್ ಪ್ರಾಂತದ ಅನುಕೂಲಸ್ಥರನ್ನು ‘ಜೆಲೆಪ್’ ಎಂಬ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. 16ನೆಯ ಶತಮಾನದಲ್ಲಿ ಬಲಿತ ಈ ಪದ್ಧತಿಯಂತೆ ಒಬ್ಬೊಬ್ಬನೂ ವರ್ಷಕ್ಕೆ ಇಷ್ಟು ಕುರಿಗಳೆಂದು ಸರಕಾರವು ಕಟ್ಟಿದ ಬೆಲೆಗೆ ಕೊಡಬೇಕಾಗಿದ್ದಿತು. ಪೇಟೆಯ ಧಾರಣೆಯು ಏರಿದಾಗ ಆ ಅಂತರವೆಲ್ಲವೂ ಅವನ ಪಾಲಿನ ನಷ್ಟ. ಪಟ್ಟಿಯಿಂದ ತಮ್ಮ ಹೆಸರನ್ನು ತೆಗೆಸಿಕೊಳ್ಳಲು ಹಲವರು ಬೇಡಿಕೊಳ್ಳುತ್ತಿದ್ದರು.

ಮುಂದೆ ತೆರಿಗೆಯ ವಸೂಲಿಯನ್ನು ಇಜಾರೆಗೆ ಕೊಡುವುದು ಹೆಚ್ಚಿತು. ಸರಕಾರಕ್ಕೆ ಮೊದಲೇ ಹಣ ಕಟ್ಟಿದ ಇಜಾರದಾರನು ಹಳ್ಳಿಗೆ ಬಂದು ಎಣಿಸುವಾಗ ಲಾಭವನ್ನೇ ನೋಡುವನಲ್ಲದೆ ಕುರಿಗಾರನ ಕಷ್ಟವನ್ನು ನೋಡುವನೆ? 1839ರ ಗುಲ್‌ಹಾನೆ ಶಾಸನವು ಇಜಾರೆಯ ಪದ್ಧತಿಯನ್ನು ನಿಂದಿಸಿತು. ಆದರೂ ಅದು ಬಹುಕಾಲ ಅಳಿಯಲಿಲ್ಲ.

ಕಡೆಗೆ 1903ರಲ್ಲಿ ತಲೆಗಂದಾಯವೊಂದನ್ನೂ, ಕುರಿಗಳಲ್ಲದೆ ಉಳಿದ ಸಾಕುಪ್ರಾಣಿಗಳ ಮೇಲೆ ಹೊಸ ತೆರಿಗೆಯೊಂದನ್ನೂ ಸರಕಾರವು ವಿಧಿಸಿತು. ಆಗ ಪ್ರಜೆಗಳ ತಾಳ್ಮೆ ಮೀರಿತು. 1906ರಲ್ಲಿ ಕಸ್ತಮೊನು, ಎರ್ಜುರುಮ್ ಪಟ್ಟಣಗಳ ಜನರು ಎದ್ದುನಿಂತರು. ಎರ್ಜುರುಮಿನಲ್ಲಿ ಅಂಗಡಿಗಳು ಮುಚ್ಚಿದುವು, ಬಿನ್ನಹಗಳು ತಂತಿಯ ಮೂಲಕ ರಾಜಧಾನಿಗೆ ಹೋದುವು. 1907ರಲ್ಲಿ ಸುಲ್ತಾನ ಎರಡನೆಯ ಅಬ್ದುಲ್ ಹಮೀದನು ಆ ಎರಡು ಹೊಸ ತೆರಿಗೆಗಳನ್ನೂ ರದ್ದುಮಾಡಬೇಕಾಯಿತು. ಹಳೆಯ ಅಗ್ನಾಮ್ ಮಾತ್ರ ನಿಂತಿತು.

ಇದರಿಂದ ತಿಳಿಯುವುದೇನೆಂದರೆ: ತೆರಿಗೆಯು ಹಳೆಯದೆಂಬ ಮಾತ್ರಕ್ಕೆ ಪ್ರಜೆಗೆ ಹಗುರವಲ್ಲ, ಅಳತೆಯು ಕಾನೂನಿನಲ್ಲಿ ಬರೆದಿದೆಯೆಂಬ ಮಾತ್ರಕ್ಕೆ ನ್ಯಾಯವೂ ಅಲ್ಲ. ಎಣಿಸುವವನು ಕುರಿಗಳ ಸಂಗಡ ಕುರಿಗಾರನ ಮನೆಯನ್ನೂ ನೋಡಬೇಕು. ಹಾಗೆ ನೋಡದ ಅಧಿಕಾರವು ವರ್ಷವರ್ಷವೂ ತೆರಿಗೆಯನ್ನು ಪಡೆದೀತು, ಪ್ರಜೆಯ ವಿಶ್ವಾಸವನ್ನು ಪಡೆಯಲಾರದು.