ಕಳಚದ ಅಚ್ಚು

ಭಕ್ತಮಹಾಶಯರು ಬಲ್ಲಂತೆ, ಬಾಬಾಬುಡನ್ ಗಿರಿಶ್ರೇಣಿಯ ಅತ್ತಿಗುಂಡಿಯಂಥ ಬಹುವೃಷ್ಟಿಯ ಊರಿನಲ್ಲಿ ಮಣ್ಣಿನ ಗೋಡೆಗೆ ಮಳೆಗಾಲವೇ ಪರೀಕ್ಷೆಯು. ಆದುದರಿಂದಲೇ ಮಲೆನಾಡಿನ ಹಿರಿಯರು ಸೂರನ್ನು ಮುಂದಕ್ಕೆ ಚಾಚಿ ಗೋಡೆಯನ್ನು ಕಾಯ್ದುಕೊಂಡರು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೋಪಯೋಗಕ್ಕಾಗಿ ‘ಅಸ್ತ್ರ’ವೆಂಬ ಕೇಂದ್ರವು ಸ್ಥಾಪಿತವಾಯಿತು. ಅಲ್ಲಿಯ ವಿದ್ವಾಂಸರು ಮಣ್ಣಿಗೆ ಅಲ್ಪ ಸಿಮೆಂಟನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ನೀರಿಗೆ ಕರಗದ ಇಟ್ಟಿಗೆಯನ್ನು ರೂಢಿಗೆ ತಂದರು.

ಇಂಥ ಇಟ್ಟಿಗೆಯನ್ನೇ ದೋಣಿಯಾಕಾರದಲ್ಲಿ ಮಾಡಿ, ಗೋಡೆಯ ಮೇಲೆ ಸಾಲಾಗಿರಿಸಿ, ಒಳಗೆ ಕಬ್ಬಿಣದ ಸರಳಿಟ್ಟು ಕಾಂಕ್ರೀಟು ಸುರಿದರೆ ಗೋಡೆಯನ್ನು ಬಿಗಿವ ಪಟ್ಟಿಯಾಗುವುದು. ಹಲಗೆಯ ಅಚ್ಚನ್ನು ಕಳಚಲೇಬೇಕು. ಮಣ್ಣಿನ ಅಚ್ಚು ಅಲ್ಲಿಯೇ ನಿಂತು ಮನೆಯ ಮುಖವಾಗುವುದು. ಮರವೂ ಉಳಿಯುವುದು, ಗಾರೆಯೂ ಉಳಿಯುವುದು.

ಆದರೂ ಈ ವಿದ್ಯೆಯನ್ನು ಕೈಕೊಳ್ಳುವವರು ಹಿರಿಯರ ಸೂರನ್ನು ಮಾತ್ರ ಮೊಟಕುಮಾಡಬಾರದು.