ಕ್ಯಾಚ್ ನಿಯಮ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ, ಎಸೆದ ಚೆಂಡು ಆಟಗಾರನ ವಶಕ್ಕೆ ಬಂದಿತೇ ಎಂಬುದನ್ನು ನಿರ್ಧರಿಸುವ ನಿಯಮ. 2018ಕ್ಕೆ ಮುಂಚೆ, ಚೆಂಡು ಹಿಡಿಯುತ್ತ ನೆಲಕ್ಕೆ ಬೀಳುವ ಆಟಗಾರ ಬಿದ್ದ ಮೇಲೂ ಹಿಡಿತ ಬಿಡುವಂತಿರಲಿಲ್ಲ. ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್ 2010ರಲ್ಲಿ ಶಿಕಾಗೊ ವಿರುದ್ಧ ಟಚ್‌ಡೌನ್ ಕಳೆದುಕೊಂಡದ್ದು ಇದರಿಂದಲೇ.

ಅತಿ ಹೆಚ್ಚು ಚರ್ಚೆಯಾದದ್ದು 2015ರ ಜನವರಿ 11ರ ಪ್ಲೇಆಫ್ ಪಂದ್ಯ. ಗ್ರೀನ್ ಬೇ ಪ್ಯಾಕರ್ಸ್ 26–21ರಿಂದ ಮುಂದಿತ್ತು. ಡಲ್ಲಾಸ್ ಕೌಬಾಯ್ಸ್‌ಗೆ ಅದು ನಾಲ್ಕನೆಯ, ಅಂದರೆ ಕೊನೆಯ ಯತ್ನ. ಟೋನಿ ರೋಮೊ ಎಸೆದ ಚೆಂಡನ್ನು ಡೆಜ್ ಬ್ರಯಂಟ್ ಮೇಲಕ್ಕೆ ಹಾರಿ ಹಿಡಿದು, ಹೆಜ್ಜೆಯಿಡುತ್ತ ಗೋಲ್ ಗೆರೆಯತ್ತ ಕೈಚಾಚಿ ಬಿದ್ದರು. ನೆಲ ತಾಗಿದಾಗ ಚೆಂಡು ಪುಟಿಯಿತು. ಮೈದಾನದ ಅಧಿಕಾರಿಗಳು ಕ್ಯಾಚ್ ಎಂದರು. ಪ್ಯಾಕರ್ಸ್ ತರಬೇತುದಾರ ಮೈಕ್ ಮೆಕಾರ್ಥಿ ಪ್ರಶ್ನಿಸಿದ ಮೇಲೆ, ಮರುಪರಿಶೀಲನೆಯಲ್ಲಿ ತೀರ್ಪು ತಿರುಗಿತು. ಅದೇ ಅಂತರದಲ್ಲಿ ಪಂದ್ಯ ಮುಗಿಯಿತು. ಅಕ್ಷರಶಃ ನೋಡಿದರೆ ತೀರ್ಪು ನಿಯಮಬದ್ಧವೇ, ದೋಷವಿದ್ದದ್ದು ನಿಯಮದಲ್ಲಿ. ಕಣ್ಣೆದುರು ಹಿಡಿದ ಚೆಂಡನ್ನು ಹಿಡಿದಿಲ್ಲವೆಂದು ಪ್ರೇಕ್ಷಕರಿಗೆ ಒಪ್ಪಿಸುವುದು ಸುಲಭವಲ್ಲ.

2017ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಜೆಸ್ಸಿ ಜೇಮ್ಸ್‌ಗೂ ಹೀಗೇ ಆಯಿತು. 2018ರ ಮಾರ್ಚ್‌ನಲ್ಲಿ ತಂಡಗಳ ಮಾಲೀಕರು ನಿಯಮ ಬದಲಿಸಿದರು. ಚೆಂಡಿನ ಮೇಲೆ ಹಿಡಿತ, ಗಡಿಯೊಳಗೆ ಎರಡು ಪಾದ ಅಥವಾ ದೇಹದ ಬೇರೆ ಭಾಗ ಊರುವುದು, ಬಳಿಕ ಮೂರನೆಯ ಹೆಜ್ಜೆ ಇಲ್ಲವೇ ಕೈಚಾಚುವಿಕೆಯಂಥ ಕ್ರಿಯೆ, ಅಥವಾ ಅದಕ್ಕೆ ಸಾಕಾಗುವಷ್ಟು ಸಮಯ ಇದ್ದರೆ ಈಗ ಕ್ಯಾಚ್ ಪೂರ್ಣ.